ಒರೆಸಿದ ಕೈಯಲ್ಲಿ ಹಿಡಿದ ಮೀನು

ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ನನ್ನನ್ನು ನೋಡಲು ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಎಷ್ಟ ದೊಡ್ಡ ಮೀನ ಹಿಡದಿದ್ರಿ?" ಬೀಗರು ಕೇಳುತ್ತಾರೆ, ಹಾಲು ಹಾಕುವವನು ಕೇಳುತ್ತಾನೆ, ಹಲ್ಲಿನ ಡಾಕ್ಟರು ನನ್ನ ಬಾಯಿಯೊಳಗೆ ಇಕ್ಕಳ ಇಟ್ಟುಕೊಂಡೇ ಕೇಳಿದರು. ಇಪ್ಪತ್ತೆರಡು ವರ್ಷ ಹಿರಣ್ಯಕೇಶಿ ಹೊಳೆಯ ದಂಡೆಯಲ್ಲಿ ನಾನು ಮಾಡಿದ ಕೆಲಸವೇ ಬೇರೆ. ಹವ್ಯಾಸಕ್ಕೆ ಗಾಳ ಹಾಕಲು ಬರುವವರು ಹಿಡಿದ ಮೀನನ್ನು ಅವರ ಕೈಯಿಂದ ಬಿಡಿಸಿ, ಜೀವಂತ ನೀರಿಗೆ ಸೇರಿಸುವುದು ನನ್ನ ಕೆಲಸವಾಗಿತ್ತು. ಅದನ್ನು ವಿವರಿಸಿದರೆ "ಹೌದ್ರಿ, ಹೌದ್ರಿ" ಎಂದು ತಲೆಯಾಡಿಸಿ, ಎರಡೂ ಕೈ ಅಗಲಿಸಿ ಮತ್ತೆ ಕೇಳುತ್ತಾರೆ, "ಇಷ್ಟ ಇತ್ತೇನ?"

ಈಗ ನನ್ನ ಜಾಗಕ್ಕೆ ಇಬ್ಬರು ಹೊಸಬರು ಬಂದಿದ್ದಾರೆ. ಒಬ್ಬ ಅಕಿವಾಟದ ಒಕ್ಕಲಿನ ಮನೆಯವನು, ಇನ್ನೊಬ್ಬಳು ಗಡಹಿಂಗ್ಲಜದಲ್ಲೇ ಕಾಲೇಜು ಓದಿದ ಸವಿತಾ. ಇಬ್ಬರೂ ಕ್ಲಬ್ಬಿನವರು ಅಚ್ಚು ಹಾಕಿಸಿಕೊಟ್ಟ ನಿಯಮಗಳನ್ನು ಬಾಯಿಪಾಠ ಮಾಡಿದ್ದಾರೆ. ಅದರಲ್ಲಿ ಮೀನಿನ ವಿಷಯ ಎಲ್ಲ ಇದೆ. ಮೀನು ಹಿಡಿಯುವ ಮನುಷ್ಯರ ವಿಷಯ ಒಂದು ಸಾಲೂ ಇಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಮಗ್ಗದವನು. ಇಚಲಕರಂಜಿಯ ಶಹಾಪುರದಲ್ಲಿ ಹುಟ್ಟಿದೆ. ಅಪ್ಪ ಬನಹಟ್ಟಿ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಅವರ ಹಿಂದೆ ನಾನೂ ಪವರ್‌ಲೂಮಿನ ಮುಂದೆ ನಿಂತು ಹನ್ನೊಂದು ವರ್ಷ ನಾಲ್ಕು ಮಗ್ಗ ಓಡಿಸಿದೆ. ಆ ಸದ್ದಿಗೆ ಎಡಗಿವಿ ಅರ್ಧ ಹೋಯಿತು. ಮುಂದೆ ಕ್ಲಬ್ಬಿನ ಸದಸ್ಯರ ನಡುವೆ ಆ ಕಿವಿ ನನ್ನನ್ನು ಎಷ್ಟೋ ಸಲ ಕಾಪಾಡಿತು, ಅದು ಬೇರೆ ಮಾತು. ಮಗ್ಗದ ಶೆಡ್ಡಿನಲ್ಲಿ ಕಲಿಸುವ ಮೊದಲ ಪಾಠ ಕೈ ಒರೆಸಿಕೊಳ್ಳುವುದು. ಬಟ್ಟೆಗೆ ಬೆವರು ತಾಗಿದರೆ ಕಲೆ, ಎಣ್ಣೆ ತಾಗಿದರೆ ಕಲೆ. ಕಲೆ ಬಿದ್ದ ಥಾನನ್ನು ಮಾಲೀಕ ನಮ್ಮ ಮುಖಕ್ಕೇ ಎಸೆಯುತ್ತಿದ್ದ. ಅದಕ್ಕೆ ಪ್ರತಿ ನೇಕಾರನ ಹೆಗಲ ಮೇಲೆ ಒಂದು ಟವೆಲ್ಲು. ನೂಲು ಹರಿಯಿತೇ, ಕೈ ಒರೆಸು, ಮುಟ್ಟು. ನಮಗೆ ಅದು ಎಷ್ಟು ಮೈಗೆ ಹತ್ತಿತ್ತೆಂದರೆ ಮಗಳು ಹುಟ್ಟಿದಾಗ ಅವಳನ್ನು ಎತ್ತಿಕೊಳ್ಳುವ ಮೊದಲೂ ಒರೆಸಿಕೊಂಡಿದ್ದೆ. ಬೆಲೆಯುಳ್ಳ ವಸ್ತುವನ್ನು ಒಣ ಕೈಯಲ್ಲಿ ಮುಟ್ಟಬೇಕು ಎಂಬುದು ನಮ್ಮ ಮಂದಿಯ ಮರ್ಯಾದೆ.

ವಾರದ ರಜೆಗೆ ಪಂಚಗಂಗೆಯ ದಂಡೆಗೆ ಬಿದಿರು ಗಳ ಹಿಡಿದು ಹೋಗುತ್ತಿದ್ದೆ. ಒಂದು ಸಲ ಅಲ್ಲಿ ಕೊಲ್ಹಾಪುರದ ಗಾಳದ ಕ್ಲಬ್ಬಿನವರು ನಾಲ್ಕು ಜನ ಸಿಕ್ಕು ಬಿದ್ದ ಒಂದು ದಾರದ ಸುತ್ತ ಕೂತು ಬೈದಾಡುತ್ತಿದ್ದರು. ನಾನು ಹೋಗಿ ಬಿಡಿಸಿಕೊಟ್ಟೆ. ಮಗ್ಗದವನಿಗೆ ಅದೇನು ದೊಡ್ಡದು? ಅವರಲ್ಲಿದ್ದ ಕ್ಲಬ್ಬಿನ ಸೆಕ್ರೆಟರಿ ಚೌಗುಲೆ ಸಾಹೇಬರು ಅಲ್ಲೇ ಹೆಸರು ವಿಚಾರಿಸಿ ಕೇಳಿದರು, "ಮಲ್ಲಪ್ಪಾ, ಆಮಚ್ಯಾಕಡೆ ಯೇತೋಸ ಕಾ? ನಮ್ಮ ಕಡೆ ಬಾ, ಹೊಳಿ ಕಾಯೋ ಕೆಲಸಾ." ಮರಾಠಿಯಲ್ಲಿ ಸುರು ಮಾಡಿ ಕನ್ನಡದಲ್ಲಿ ಮುಗಿಸುವುದು ಅವರ ರೂಢಿ. ಮಗ್ಗಕ್ಕಿಂತ ಗಾಳಿ ಚೆನ್ನಾಗಿರುತ್ತದೆ ಎಂದು ಒಪ್ಪಿಕೊಂಡೆ.

ಮೊದಲ ದಿನವೇ ಎಡವಟ್ಟು ಮಾಡಿದೆ. ಸಾಹೇಬರ ದಾರ ಹರಿಯಿತು. ನಾನು ನೇಕಾರರ ಗಂಟು ಹಾಕಿಕೊಟ್ಟೆ. ಹತ್ತಿಯ ನೂಲಿನಲ್ಲಿ ಆ ಗಂಟು ಬಿಚ್ಚಿದರೂ ಬಿಚ್ಚುವುದಿಲ್ಲ. ನೈಲಾನಿನಲ್ಲಿ ಅದು ಬೆಣ್ಣೆಯಂತೆ ಜಾರಿ, ಅವರ ಪರದೇಶದ ಗಾಳ ಮೀನಿನ ಸಂಗಡ ಹೋಯಿತು. ಆ ದಿನ ಸಾಹೇಬರು ಮರಾಠಿಯಲ್ಲೇ ಸುರು ಮಾಡಿ ಮರಾಠಿಯಲ್ಲೇ ಮುಗಿಸಿದರು.

ನಮ್ಮ ಕಾವಲಿನ ಜಾಗ ಗಡಹಿಂಗ್ಲಜದಿಂದ ಸ್ವಲ್ಪ ದೂರದ ಒಂದು ಊರಿನ ಮಡು. ಊರಿನ ಹೆಸರು ಬರೆದರೆ ನಾಳೆಯೇ ಗಾಡಿ ತುಂಬಿಕೊಂಡು ಬರುತ್ತೀರಿ, ಅದಕ್ಕೆ ಬರೆಯುವುದಿಲ್ಲ. ಅಲ್ಲಿ ಹೊಳೆಗೆ ಅಡ್ಡ ಒಂದು ಹಳೆಯ ಬಾಂದಾರವಿದೆ. ಮಳೆ ನಿಂತ ಮೇಲೆ ಅದರ ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ, ಮುಂದಿನ ಮಳೆಗೆ ಮುಂಚೆ ತೆಗೆಯುತ್ತಾರೆ. ಬಾಂದಾರದ ಹಿಂದಿನ ಆಳವಾದ ಮಡುವಿನಲ್ಲಿ ಮಹಶೀರ ಮೀನುಗಳಿದ್ದವು. ನನಗಿಂತ ಮುಂಚೆ ಆ ಮಡುವಿಗೆ ಕಲ್ಲುಗಣಿಯ ಸಿಡಿಮದ್ದು ಎಸೆಯುವವರು ಬರುತ್ತಿದ್ದರು. ಒಂದು ಸಲ ಸಿಡಿಸಿದರೆ ಬೆರಳುದ್ದದ ಮರಿಯಿಂದ ಹಿಡಿದು ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಊರ ಹಿರಿಯರು ಶಿವಗೊಂಡ ಮುತ್ಯಾ. ಮೀನು ತಿನ್ನುವವರಲ್ಲ, ಹಿಡಿಯುವವರನ್ನು ಕಂಡರೆ ಆಗುವುದಿಲ್ಲ. ದಿನಾ ಘಾಟಿನ ಮೆಟ್ಟಿಲಿಗೆ ಬಂದು ಮೀನುಗಳಿಗೆ ಒಂದು ಮುಷ್ಟಿ ಚುರುಮುರಿ ಹಾಕಿ ಹೋಗುವವರು. ಚೌಗುಲೆ ಸಾಹೇಬರು ಅವರ ಮುಂದೆ ಕೂತು ಒಪ್ಪಂದ ಮಾಡಿಕೊಂಡರು. ಕ್ಲಬ್ಬು ಕಾವಲುಗಾರನನ್ನು ಇಡುತ್ತದೆ, ಸಿಡಿಮದ್ದಿನವರನ್ನು ಓಡಿಸುತ್ತದೆ, ಬದಲಿಗೆ ಸದಸ್ಯರು ಮೀನು ಹಿಡಿದು ಬಿಡುತ್ತಾರೆ. ಮುತ್ಯಾ ಎಲ್ಲ ಕೇಳಿ ಒಂದೇ ಷರತ್ತು ಹಾಕಿದರು.

"ಹಿಡಿದು ಬಿಡೂದ ಅಂದ್ರ ನನಗ ತಿಳಿಯೂದಿಲ್ಲ. ಮೊದಲ ಯಾಕ ಹಿಡೀಬೇಕ? ಇರಲಿ. ಆದ್ರ ನಿಮ್ಮ ಕೈಯಾಗ ಒಂದ ಮೀನ ಸತ್ತರ ಅವತ್ತ ಗಳಾ ಬಂದ್. ಮಾತಂದ್ರ ಮಾತ."

ಅದು ಇಡೀ ಇಪ್ಪತ್ತೆರಡು ವರ್ಷ ನನ್ನ ತಲೆಯ ಮೇಲೆ ಕೂತಿದ್ದ ಮಾತು. ಒಂದು ಮೀನು ಸತ್ತರೆ ಕ್ಲಬ್ಬು ಹೋಯಿತು. ಕ್ಲಬ್ಬು ಹೋದರೆ ಕಾವಲು ಹೋಯಿತು. ಕಾವಲು ಹೋದರೆ ಸಿಡಿಮದ್ದಿನವರು ಒಂದೇ ವಾರದಲ್ಲಿ ಬಂದು ಮಡುವನ್ನು ಖಾಲಿ ಮಾಡುತ್ತಾರೆ. ಹೊಸಬರೇ, ಈ ಲೆಕ್ಕ ಮೊದಲು ತಿಳಿದುಕೊಳ್ಳಿ. ನೀವು ಕಾಯುವುದು ಒಂದು ಮೀನನ್ನು ಎಂದುಕೊಂಡರೆ ತಪ್ಪಿದಿರಿ.

ಮೊದಲ ವರ್ಷದ ಚಳಿಗಾಲದಲ್ಲಿ ಚೌಗುಲೆ ಸಾಹೇಬರ ಗಾಳಕ್ಕೆ ಒಂದು ಮಹಶೀರ ಬಿತ್ತು. ನನ್ನ ಸೊಂಟದಿಂದ ಅಂಗಾಲಿನವರೆಗೆ ಉದ್ದ, ಮೈಮೇಲೆ ಹಿತ್ತಾಳೆ ಬಣ್ಣದ ದೊಡ್ಡ ದೊಡ್ಡ ಹುರುಪೆ. ಸಾಹೇಬರು ಗಳವನ್ನು ದಂಡೆಗೆ ಎಸೆದು ಚೀಲದಿಂದ ಕ್ಯಾಮೆರಾ ತೆಗೆದರು. "ಮಲ್ಲಪ್ಪಾ, ನೀನ ಎತ್ತ, ನಾ ಫೋಟೋ ತಗೀತೇನಿ" ಎಂದರು. ಅಷ್ಟು ಚೆಂದದ ಜೀವವನ್ನು ಹೇಗೆ ಮುಟ್ಟಬೇಕೆಂದು ನನಗೆ ಗೊತ್ತಿತ್ತಲ್ಲ. ಹೆಗಲ ಟವೆಲ್ಲು ತೆಗೆದೆ, ಬೆರಳ ಸಂದಿಯಲ್ಲೂ ಒಂದು ಹನಿ ಉಳಿಯದಂತೆ ಒರೆಸಿಕೊಂಡೆ, ಮೀನನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು ನಕ್ಕೆ. ಫೋಟೋ ಆಯಿತು. ನೀರಿಗೆ ಬಿಟ್ಟೆ. ಬಾಲ ಬಡಿದು ಹೋಯಿತು. ಎಲ್ಲರೂ ಚಪ್ಪಾಳೆ ಹೊಡೆದರು.

ಐದನೇ ದಿನ ಬೆಳಿಗ್ಗೆ ದಂಡೆಯ ಹೊಳೆಮತ್ತಿ ಮರದ ಬೇರಿನ ಸಂದಿಯಲ್ಲಿ ಏನೋ ಬೆಳ್ಳಗೆ ಕಂಡಿತು. ಯಾರೋ ಹತ್ತಿ ಎಸೆದಿದ್ದಾರೆ ಎಂದುಕೊಂಡೆ. ಹನ್ನೊಂದು ವರ್ಷ ಹತ್ತಿಯ ಧೂಳು ಕುಡಿದವನಿಗೆ ಬೇರೇನು ಹೊಳೆಯಬೇಕು? ಹತ್ತಿರ ಹೋದರೆ ಅದೇ ಮೀನು. ಸತ್ತಿತ್ತು. ಮೈಮೇಲೆ ಹತ್ತಿಯಂಥ ಬೂಸ್ಟು ಬೆಳೆದಿತ್ತು, ಎಲ್ಲ ಕಡೆಯಲ್ಲ. ಬಾಲದ ಬುಡದಲ್ಲಿ ಒಂದು ಅಂಗೈ ಅಗಲ. ಹೊಟ್ಟೆಯ ಪಕ್ಕ ನಾಲ್ಕು ಬೆರಳು, ಸ್ವಲ್ಪ ದೂರ ಬಿಟ್ಟು ಒಂದು ಹೆಬ್ಬೆರಳು. ನಾನು ನನ್ನ ಕೈಯನ್ನು ಅದರ ಮೇಲೆ ಇಟ್ಟು ನೋಡಿದೆ. ಸರಿಯಾಗಿ ಕೂತಿತು.

ಆಮೇಲೆ ನಾನು ಮಾಡಿದ್ದನ್ನೂ ಬರೆಯುತ್ತೇನೆ, ಬಿಡುವುದಿಲ್ಲ. ಮುತ್ಯಾ ಚುರುಮುರಿ ಹಾಕಲು ಬರುವ ಹೊತ್ತಾಗಿತ್ತು. ಮೀನನ್ನು ಟವೆಲ್ಲಿನಲ್ಲಿ ಸುತ್ತಿ, ಕಬ್ಬಿನ ಹೊಲದ ಬದುವಿನಲ್ಲಿ ಗುಂಡಿ ತೆಗೆದು ಮುಚ್ಚಿದೆ. ಮುತ್ಯಾ ಬಂದು "ಎಲ್ಲಾ ಸುದ್ದ ಐತೇನ ಮಲ್ಲಪ್ಪಾ?" ಎಂದು ಕೇಳಿದರು. "ಸುದ್ದ ಐತ್ರಿ" ಎಂದೆ. ಉಗುರಿನ ಸಂದಿಯಲ್ಲಿ ಮಣ್ಣಿತ್ತು.

ಆ ಕಾಲಕ್ಕೆ ಗಡಹಿಂಗ್ಲಜದ ಒಂದು ಕಾಲೇಜಿನಿಂದ ಪ್ರಾಣಿಶಾಸ್ತ್ರ ಕಲಿಸುವ ಸುಮಿತ್ರಾ ಮೇಡಂ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊಳೆಗೆ ಬರುತ್ತಿದ್ದರು. ಕ್ಲಬ್ಬಿನವರು ಅವರನ್ನು ಸಲಹೆಗಾರರು ಎಂದು ಕಾಗದದಲ್ಲಿ ಬರೆದುಕೊಂಡಿದ್ದರು, ಆದರೆ ಸಲಹೆ ಕೇಳುತ್ತಿರಲಿಲ್ಲ. ನಾನು ಜಾಣತನ ಮಾಡಲು ಹೋಗಿ, ಯಾರೋ ಗುರುತಿನವರ ವಿಷಯ ಎಂದು ಸುರು ಮಾಡಿದೆ.

"ಒಬ್ಬರು ಮೀನ ಹಿಡದ ಬಿಟ್ಟಿದ್ರಂತ್ರಿ ಮೇಡಂ. ಐದ ದಿನಕ್ಕ ಕೈಯ ಗುರ್ತ ಮೂಡಿ ಸತ್ತತಂತ."

"ಮೀನಿನ ಮೈಮ್ಯಾಲ ಲೋಳಿ ಇರತೈತಲ್ಲ ಮಲ್ಲಪ್ಪಾ, ಅದ ಅದರ ಅಂಗಿ. ಒಣಾ ಕೈ ಹತ್ತಿದ್ರ ಅದ ಕಿತ್ತ ಬರತೈತಿ. ಕಿತ್ತಲ್ಲೆ ಬೂಸ್ಟ ಹಿಡೀತೈತಿ. ಅವರು ಕೈ ಒರಸ್ಕೊಂಡಿದ್ರೇನ?"

"ಸ್ವಚ್ಛ ಒರಸ್ಕೊಂಡಿದ್ನಿರಿ" ಎಂದುಬಿಟ್ಟೆ.

ಮೇಡಂ ನನ್ನ ಹೆಗಲ ಟವೆಲ್ಲು ನೋಡಿದರು, ಮುಖ ನೋಡಿದರು. ಆ ಹೊತ್ತಿನಿಂದ ಕೂತು ಕಲಿಸಿದರು. ಮೊದಲು ಕೈ ತೋಯಿಸು. ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡು, ಆಗ ತೆಗೆಯುವಾಗ ಬಾಯಿ ಹರಿಯುವುದಿಲ್ಲ. ದಪ್ಪ ದಾರ ಹಾಕಿಸಿ ಬೇಗ ದಂಡೆಗೆ ತಾ, ಆಡಿಸಿ ಆಡಿಸಿ ಸುಸ್ತು ಮಾಡಬೇಡ. ಕಿವಿರಿಗೆ ಬೆರಳು ಹಾಕಬೇಡ. ಬಲೆಯನ್ನು ನೀರಿನೊಳಗೇ ಇಟ್ಟುಕೊಂಡು ಗಾಳ ತೆಗೆ. ಎತ್ತಲೇಬೇಕಾದರೆ ಎತ್ತಿದ ಕೂಡಲೇ ನಿನ್ನ ಉಸಿರನ್ನೂ ಹಿಡಿ; ನಿನಗೆ ಉಸಿರು ಬೇಕಾಯಿತು ಅಂದರೆ ಅದಕ್ಕೆ ಆಗಲೇ ಬೇಕಾಗಿದೆ. ಬಿಡುವಾಗ ಮೂತಿ ಹರಿವಿಗೆ ಎದುರಾಗಿ ಹಿಡಿದು ಸುಮ್ಮನೆ ನಿಲ್ಲು, ಅದೇ ಬಿಡಿಸಿಕೊಂಡು ಹೋಗುತ್ತದೆ. ಕೊನೆಯದಾಗಿ, ನೀರು ಕಾಲಿಗೆ ಬೆಚ್ಚಗೆ ಹತ್ತುವ ಬೇಸಿಗೆಯಲ್ಲಿ ಗಾಳವನ್ನೇ ಹಾಕಬೇಡ. ಬಿಸಿ ನೀರಿನಲ್ಲಿ ಉಸಿರು ಕಡಿಮೆ, ಎಷ್ಟು ಚೆನ್ನಾಗಿ ಬಿಟ್ಟರೂ ಸಾಯುತ್ತದೆ.

ಪೇಟೆಯ ಬಲೆಗಳಲ್ಲಿ ಕಣ್ಣಿಗೊಂದು ಗಂಟು. ಆ ಗಂಟುಗಳು ಮೀನಿನ ರೆಕ್ಕೆ ಸೀಳುತ್ತವೆ, ಹುರುಪೆ ಕೀಳುತ್ತವೆ. ನಾನು ಶಹಾಪುರದ ಹಳೆಯ ದೋಸ್ತನ ಶೆಡ್ಡಿಗೆ ಹೋಗಿ, ಸೊಳ್ಳೆಪರದೆಯ ನುಣುಪಾದ ಬಟ್ಟೆ ಆರಿಸಿ, ಗಂಟೇ ಇಲ್ಲದ ಅಗಲ ಬಲೆ ಹೊಲಿದೆ. ನನ್ನ ಹನ್ನೊಂದು ವರ್ಷದ ಮಗ್ಗದ ವಿದ್ಯೆ ಹೊಳೆಗೆ ಉಪಯೋಗ ಬಿದ್ದದ್ದು ಅದೊಂದರಲ್ಲೇ.

ಬಲೆ ತಯಾರಾಯಿತು, ಮನುಷ್ಯರು ತಯಾರಾಗಲಿಲ್ಲ. ಇನ್ನು ಮುಂದಿನದೆಲ್ಲ ನಿಮಗೂ ಎದುರಾಗುತ್ತದೆ, ಓದಿಕೊಳ್ಳಿ. ಕೊಲ್ಹಾಪುರದ ಒಬ್ಬ ಡಾಕ್ಟರು, ದೊಡ್ಡ ಹೆಸರಿನವರು, ಹಿಡಿದ ಮೀನನ್ನು ಬಾಂದಾರದ ಮೇಲಿಂದ ಚೆಂಡಿನಂತೆ ಎಸೆದರು. ನಾನು ಬೊಬ್ಬೆ ಹೊಡೆದೆ. "ಅದಕ್ಕ ಈಸ ಬರತೈತಲ್ಲ ಮಲ್ಲಪ್ಪಾ" ಎಂದರು. ಡಾಕ್ಟರ ಸಾಹೇಬರನ್ನು ಮಾಳಿಗೆಯಿಂದ ಕೆಳಗೆ ಬಿಟ್ಟರೆ ನಡೆಯಲು ಬರುತ್ತದಲ್ಲ ಎನ್ನಬಹುದೇ? ಇನ್ನೊಬ್ಬರು ಮೀನಿಗೆ ಉಸಿರು ಬರಲಿ ಎಂದು ತೊಟ್ಟಿಲು ತೂಗಿದಂತೆ ಹಿಂದೆ ಮುಂದೆ ಜಗ್ಗುತ್ತಿದ್ದರು. ಹಿಂದಕ್ಕೆ ಜಗ್ಗಿದಾಗ ಕಿವಿರೊಳಗೆ ನೀರು ಉಲ್ಟಾ ನುಗ್ಗುತ್ತದೆ ಎಂದು ಎಷ್ಟು ಸಲ ಹೇಳಿದರೂ ಮುಂದಿನ ಸಲ ಅದೇ ತೊಟ್ಟಿಲು.

ಇಚಲಕರಂಜಿಯ ನೂಲಿನ ವ್ಯಾಪಾರಿ ಒಬ್ಬರು ಕಾರ್ತಿಕ ಸೋಮವಾರ ಹೆಂಡತಿಯನ್ನೂ ಕರೆದುಕೊಂಡು ಬಂದರು. ಮೀನು ಬಿದ್ದದ್ದೇ ತಡ, ಆ ತಾಯಿ ಚೀಲದಿಂದ ತಟ್ಟೆ, ಅರಿಶಿಣ, ಕುಂಕುಮ, ಊದಿನಕಡ್ಡಿ ತೆಗೆದರು. "ಗಂಗವ್ವನ ಮಗಾ ಐತ್ರಿ. ಬರಿಗೈಲೆ ಹೆಂಗ ಕಳಸೂದು?" ಅರಿಶಿಣ ಕಿವಿರಿಗೆ ಹೋದರೆ ಏನಾಗುತ್ತದೆ ಎಂದು ವಿವರಿಸಿದೆ. ಮಂಗಳದ ವಸ್ತುವಿನಿಂದ ಕೇಡಾಗುತ್ತದೆಯೇ ಎಂದು ಅವರಿಗೆ ಸಿಟ್ಟು ಬಂತು. ಬಲೆಯನ್ನು ನೀರಿನಲ್ಲಿ ಹಿಡಿದುಕೊಂಡೇ ನಾನು ಅಂದೆ, "ಅವ್ವಾರ, ಮೊದಲ ತಾಯಿ ಪೂಜಾ, ಆಮ್ಯಾಲ ಮಗಂದು. ನೀವ ಮೆಟ್ಟಲಕ್ಕ ಮಾಡ್ರಿ, ಹೊಳಿಗಿ ಮುಟ್ಟತೈತಿ, ಮಗಗೂ ಮುಟ್ಟತೈತಿ." ಅವರು ಘಾಟಿನ ಕೊನೆಯ ಮೆಟ್ಟಿಲಿಗೆ ಕುಂಕುಮ ಹಚ್ಚಿ ಕೈಮುಗಿಯುವಷ್ಟರಲ್ಲಿ ನಾನು ಮೀನು ಬಿಟ್ಟಾಗಿತ್ತು. ಸಂತೋಷಪಟ್ಟು ನನ್ನ ಕೈಗೂ ಪ್ರಸಾದ ಕೊಟ್ಟರು. ಇಪ್ಪತ್ತೆರಡು ವರ್ಷದಲ್ಲಿ ನಾನು ಗೆದ್ದ ವಾದ ಅದೊಂದೇ ಇರಬೇಕು.

ಇವೆಲ್ಲಕ್ಕೂ ಮೂಲ ಯಾವುದು ಗೊತ್ತೇ? ಕೊಲ್ಹಾಪುರದ ಕ್ಲಬ್ಬಿನ ಹಾಲಿನಲ್ಲಿ, ಬಾಗಿಲಿಗೆ ಎದುರಾಗಿ, ಬಾಗಿಲಿನಷ್ಟೇ ಅಗಲದ ಕಟ್ಟು ಹಾಕಿಸಿ ತೂಗುಹಾಕಿದ ಆ ಫೋಟೋ. ಒಣಗಿದ ಕೈಯಲ್ಲಿ ಮೀನನ್ನು ಎದೆಮಟ್ಟಕ್ಕೆ ಎತ್ತಿ ಹಲ್ಲು ಕಿಸಿದು ನಿಂತ ನಾನು. ಹೊಸದಾಗಿ ಸೇರಿದವರೆಲ್ಲ ಅದನ್ನು ನೋಡಿಯೇ ಹೊಳೆಗೆ ಬರುತ್ತಿದ್ದರು. ಮೀನು ಸಿಕ್ಕ ಕೂಡಲೇ, "ಮಲ್ಲಪ್ಪಾ, ನಿನ್ನ ಹಂಗ ಒಂದ ಫೋಟೋ" ಎನ್ನುತ್ತಿದ್ದರು. ನಾನು ಮಾಡಬೇಡಿ ಎಂದು ಬಾಯಿ ಬಡಿದುಕೊಳ್ಳುವುದನ್ನೆಲ್ಲ ಗೋಡೆಯ ಮೇಲಿನ ಮಲ್ಲಪ್ಪ ನಗುನಗುತ್ತ ಮಾಡಿ ತೋರಿಸುತ್ತಿದ್ದ. ಅದನ್ನು ತೆಗೆಸಿ ಎಂದು ಪ್ರತಿ ವರ್ಷದ ಸಭೆಯಲ್ಲಿ ಕೇಳಿದೆ. ಬೇಸಿಗೆಯಲ್ಲಿ ಗಾಳ ನಿಲ್ಲಿಸಿ ಎಂದೂ ಪ್ರತಿ ವರ್ಷ ಕೇಳಿದೆ. ಮೇಡಂ ಎರಡು ಸಲ ಕಾಗದ ಬರೆದರು. ಚೌಗುಲೆ ಸಾಹೇಬರದು ಎರಡಕ್ಕೂ ಸಿದ್ಧ ಉತ್ತರ. ಫೋಟೋ ಕ್ಲಬ್ಬಿನ ಮಾನ. ಬೇಸಿಗೆ ಸದಸ್ಯರ ಮಕ್ಕಳಿಗೆ ರಜೆ, ಆಗಲೇ ಎಲ್ಲರೂ ಬರುವುದು. "ಆಜವರ ಏಕ ತರೀ ಮೇಲಾ ಕಾ? ಇಲ್ಲೀತನಕಾ ಒಂದರೇ ಸತ್ತೈತೇನ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು. ಬಾಯಿ ಬಿಟ್ಟರೆ ಮುತ್ಯಾನ ಷರತ್ತು. ಸುಮ್ಮನೆ ಕೂರುತ್ತಿದ್ದೆ. ಸುಮ್ಮನೆ ಕೂತದ್ದಕ್ಕೆ ಮನೆಗೆ ಬಂದು ಹೆಂಡತಿಯ ಮೇಲೆ ರೇಗುತ್ತಿದ್ದೆ. ಅವಳದು ಏನೂ ತಪ್ಪಿರಲಿಲ್ಲ.

ಕೊನೆಯ ಬೇಸಿಗೆಯಲ್ಲಿ ಸಾಹೇಬರು ಪುಣೆಯಿಂದ ಒಬ್ಬ ಪಾಹುಣೆಯನ್ನು, ಅಂದರೆ ಅತಿಥಿಯನ್ನು, ಕರೆತಂದರು. ಮಟಮಟ ಮಧ್ಯಾಹ್ನ, ಮಡುವಿನ ನೀರು ಸ್ನಾನಕ್ಕೆ ಕಾಯಿಸಿದಷ್ಟು ಬೆಚ್ಚಗಿತ್ತು. ಬೇಡ ಎಂದೆ, ಕೇಳಲಿಲ್ಲ. ಪಾಹುಣೆಯ ತೆಳು ದಾರಕ್ಕೆ ದೊಡ್ಡ ಮಹಶೀರ ಬಿದ್ದು, ಅವರು ಅದನ್ನು ಗಂಟೆಗಟ್ಟಲೆ ಆಡಿಸಿ ದಂಡೆಗೆ ತಂದಾಗ ಅದಕ್ಕೆ ಬಾಲ ಆಡಿಸುವ ಶಕ್ತಿಯೂ ಇರಲಿಲ್ಲ. ಬಲೆಯಲ್ಲಿ ತಗೊಂಡು ನೀರಿನಲ್ಲೇ ಗಾಳ ತೆಗೆದೆ.

"ಎತ್ತ ಮಲ್ಲಪ್ಪಾ, ಆ ಫೋಟೋದಾಗಿನ ಹಂಗ" ಎಂದರು ಸಾಹೇಬರು. ಮೂರು ಸಲ ಹೇಳಿಸಿಕೊಂಡು, ತೋಯ್ದ ಕೈಯಲ್ಲಿ, ನೀರಿಗೆ ಒಂದು ಗೇಣು ಮೇಲೆ ಎತ್ತಿದೆ. ಉಸಿರು ಹಿಡಿದೆ.

ಪಾಹುಣೆ ಮೊಬೈಲು ಹಿಡಿದು, ಕಣ್ಣು ಕಿರಿದು ಮಾಡಿ, "ಅರೇ, ಜಾಗಾ ನಾಹೀ ಮ್ಹಣತಂಯ" ಎಂದರು. ಮೊಬೈಲಿನಲ್ಲಿ ಫೋಟೋ ಹಿಡಿಸಲು ಜಾಗವಿಲ್ಲವಂತೆ. "ಥಾಂಬಾ, ಥಾಂಬಾ", ತಡೆಯಿರಿ ಎಂದು, ಅಲ್ಲೇ ನಿಂತು ಹಳೆಯ ಫೋಟೋ ಅಳಿಸತೊಡಗಿದರು. ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಒಂದು ಅಳಿಸಿದರು. ಸೂರ್ಯೋದಯದ್ದು ಇನ್ನೊಂದು. ಮೂರನೆಯದು ಯಾರದೋ ಮೊಮ್ಮಗನ ಹುಟ್ಟುಹಬ್ಬ, ಅದನ್ನು ಅಳಿಸಲೋ ಬೇಡವೋ ಎಂದು ಸಾಹೇಬರನ್ನು ಕೇಳಿದರು. ಸಾಹೇಬರೂ ಬಗ್ಗಿ ನೋಡಿ ವಿಚಾರ ಮಾಡಿದರು. ನನ್ನ ಎದೆ ಒಡೆಯುವಂತಾಯಿತು. ಉಸಿರು ಬಿಟ್ಟೆ, ಮೀನನ್ನು ನೀರಿಗೆ ಇಳಿಸಿ ಬಲೆಯ ಸಮೇತ ನಡೆದುಬಿಟ್ಟೆ.

"ಮಲ್ಲಪ್ಪಾ, ಥಾಂಬ."

"ಥಾಂಬೂದಿಲ್ಲರಿ. ನೀವ ಮೊದಲ ಆ ಮೊಮ್ಮಗಂದ ಮುಗಸ್ರಿ."

ನಿಂತ ನೀರಿನಲ್ಲಿ ಹರಿವೇ ಇರಲಿಲ್ಲ. ಬಾಂದಾರದ ಒಂದು ಹಲಗೆ ಬಿರುಕು ಬಿಟ್ಟು ಅಲ್ಲಿಂದ ನೀರು ರಭಸವಾಗಿ ಸೆಳೆದು ಹೋಗುತ್ತಿತ್ತು. ಎದೆಮಟ್ಟ ನೀರಿನಲ್ಲಿ ಅಲ್ಲಿಗೆ ಹೋಗಿ, ಮೀನಿನ ಮೂತಿಯನ್ನು ಬರುವ ನೀರಿಗೆ ಎದುರಾಗಿ ಹಿಡಿದು ನಿಂತೆ. ಸಾಹೇಬರು ದಂಡೆಯಲ್ಲಿ ನಿಂತು ಬೈದರು. ಒಳ್ಳೆಯ ಕಿವಿಯನ್ನು ಬಾಂದಾರದ ಕಡೆ ತಿರುಗಿಸಿಕೊಂಡೆ. ಎಷ್ಟೋ ಹೊತ್ತು ಕಿವಿರು ಮಾತ್ರ ಸಣ್ಣಗೆ ಆಡುತ್ತಿತ್ತು. ಹೊತ್ತು ಇಳಿಯುವಾಗ ಬಾಲ ಒಮ್ಮೆ ಬಡಿಯಿತು, ಇನ್ನೊಮ್ಮೆ ಬಡಿಯಿತು, ನನ್ನ ಅಂಗೈಯಿಂದ ತಳ್ಳಿಕೊಂಡು ಆಳಕ್ಕೆ ಹೋಯಿತು. ಮುಂದಿನ ಹದಿನೈದು ದಿನ ದಂಡೆಯ ಪ್ರತಿ ಬೇರಿನ ಸಂದಿಯಲ್ಲೂ ಹುಡುಕಿದೆ. ಬೆಳ್ಳಗಿನದು ಏನೂ ಕಾಣಲಿಲ್ಲ.

ಅದಾದ ಮೇಲೆ, ಮಲ್ಲಪ್ಪನಿಗೆ ವಯಸ್ಸಾಯಿತು, ಸದಸ್ಯರ ಜೊತೆ ಹೊಂದಿಕೊಳ್ಳುವುದಿಲ್ಲ ಎಂದು ಕ್ಲಬ್ಬಿನಲ್ಲಿ ಮಾತಾಯಿತು. ವಯಸ್ಸು ಆಗಿತ್ತು, ಅದರಲ್ಲಿ ಸುಳ್ಳಿಲ್ಲ. ಕೊಲ್ಹಾಪುರದಲ್ಲಿ ಶಾಲು ಹೊದಿಸಿ ಬೀಳ್ಕೊಟ್ಟರು. ಚೌಗುಲೆ ಸಾಹೇಬರು ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಲ್ಲ. "ಏನ ಬೇಕ ಕೇಳ" ಎಂದರು. ಗೋಡೆಯ ಮೇಲಿನ ಫೋಟೋ ಬೇಕು ಎಂದೆ. ಸಭೆಯೆಲ್ಲ ಮೆಚ್ಚಿ ಚಪ್ಪಾಳೆ ಹೊಡೆಯಿತು. ಸಾಹೇಬರಿಗೆ ಕಣ್ಣಲ್ಲಿ ನೀರು ಬಂತು. ಆ ಫೋಟೋಕ್ಕೆ ಬಿದ್ದ ಎರಡನೇ ಚಪ್ಪಾಳೆ ಅದು.

ಮನೆಗೆ ಹೋಗಲಿಲ್ಲ. ಫೋಟೋದ ಕಟ್ಟನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ನೇರ ಗಡಹಿಂಗ್ಲಜಕ್ಕೆ, ಅಲ್ಲಿಂದ ಮಡುವಿನ ಊರಿಗೆ ಹೋದೆ. ಶಿವಗೊಂಡ ಮುತ್ಯಾಗೆ ಈಗ ಎಂಬತ್ತು ದಾಟಿದೆ, ಆದರೂ ಚುರುಮುರಿ ತಪ್ಪಿಲ್ಲ. ಘಾಟಿನ ಮೆಟ್ಟಿಲ ಮೇಲೆ ಅವರ ಪಕ್ಕ ಕೂತು, ಫೋಟೋ ಮುಂದಿಟ್ಟು, ಕಬ್ಬಿನ ಬದುವಿನವರೆಗೆ ಎಲ್ಲ ಹೇಳಿದೆ. ಹೇಳದೆ ಸತ್ತರೆ ಆ ಬೂಸ್ಟು ನನ್ನ ಮೈಮೇಲೇ ಉಳಿಯುತ್ತದೆ ಅನ್ನಿಸಿತ್ತು. ಮಡು ಏನಾಗುತ್ತದೆ ಎಂಬ ಹೆದರಿಕೆಯೂ ಅಷ್ಟೇ ಇತ್ತು.

"ಅವತ್ತ ನಾ ಕೇಳಿದ್ನಿ, ಎಲ್ಲಾ ಸುದ್ದ ಐತೇನ ಅಂತ" ಎಂದರು.

"ಕೇಳಿದ್ರಿ."

"ಇಷ್ಟ ವರ್ಷ ಹೊಟ್ಟ್ಯಾಗ ಇಟಗೊಂಡಿ?"

"ಹೌದ್ರಿ."

ಮುತ್ಯಾ ಚುರುಮುರಿಯ ಚೀಲದ ಬಾಯಿ ಕಟ್ಟಿದರು. "ಮಾತಂದ್ರ ಮಾತ ಮಲ್ಲಪ್ಪಾ. ಮೀನ ಸತ್ತೈತಿ ಅಂದಮ್ಯಾಲ ಗಳಾ ಬಂದ್."

ಇಪ್ಪತ್ತೆರಡು ವರ್ಷದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ನಾನೇ ಹಾಳು ಮಾಡಿದೆ ಎಂದುಕೊಂಡೆ. "ಗಳಾ ಬಂದ್ ಆದ್ರ ಕಾವಲಾನೂ ಹೋಗತೈತ್ರಿ ಮುತ್ಯಾ. ಮತ್ತ ಆ ಸಿಡಿಸಾವ್ರ ಬರತಾರ" ಎಂದೆ.

"ಅದ ನನಗ ತಿಳೀತೈತಿ. ಬಂದ್ ಅಂದ್ನಿ, ಎಷ್ಟ ದಿನಾ ಅಂದಿಲ್ಲ ಇನ್ನ." ನೀರಿನ ಕಡೆ ಬೆರಳು ಮಾಡಿ ಕೇಳಿದರು, "ಮೀನಕ್ಕ ಯಾವ ದಿನಾ ಭಾಳ ತ್ರಾಸ?"

"ಬ್ಯಾಸಗಿರಿ. ನೀರ ಕಾಯ್ದಿರತೈತಿ, ಬಾಂದಾರಾ ಕಟ್ಟಿರತೈತಿ."

"ಹಂಗಾರ ಶಿವರಾತ್ರಿಯಿಂದ ಹಲಗಿ ತಗಿಯೋ ತನಕಾ ಒಬ್ಬರೂ ಗಳಾ ತರೂಹಂಗಿಲ್ಲ. ಒಂದ ವರ್ಷ ಅಲ್ಲ, ಪ್ರತಿ ವರ್ಷ. ಕಾವಲಾ ಇರಬೇಕ. ಒಪ್ಪಿದ್ರ ಇರಲಿ, ಇಲ್ಲಂದ್ರ ಪೂರಾ ಬಂದ್. ಇದ ನಿಮ್ಮ ದಂಡ. ನಿನ್ನ ಸಾಹೇಬಗ ಹೇಳ."

ನಾನು ಪ್ರತಿ ವರ್ಷ ಸಭೆಯಲ್ಲಿ ಬೇಡಿದ್ದು ಅದನ್ನೇ. ಮೇಡಂ ಎರಡು ಕಾಗದದಲ್ಲಿ ಬರೆದದ್ದೂ ಅದನ್ನೇ. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲ ವರ್ಷವೇ ಸತ್ಯ ಹೇಳಿದ್ದರೆ ಎಷ್ಟು ಬೇಸಿಗೆ ಉಳಿಯುತ್ತಿದ್ದವು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಮೆಟ್ಟಿಲ ಮೇಲೆ ಕೂತು ಅತ್ತೆ. ಮುತ್ಯಾ ನೋಡದವರಂತೆ ಆ ಕಡೆ ತಿರುಗಿ ಕೂತರು.

ಚೌಗುಲೆ ಸಾಹೇಬರು ಫೋನಿನಲ್ಲಿ ಕೂಗಾಡಿದರು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವನಿಗೆ ಸಾಯುವವರೆಗೆ ಮುಚ್ಚಿಕೊಂಡಿರಲು ಏನಾಗಿತ್ತು ಎಂದರು. ಕೊನೆಗೆ ಒಪ್ಪಿದರು, ಬೇರೆ ದಾರಿ ಇರಲಿಲ್ಲ. ಫೋಟೋವನ್ನು ಮುತ್ಯಾ ನನಗೆ ವಾಪಸು ಕೊಡಲಿಲ್ಲ. ಘಾಟಿನ ಮಂಟಪದ ಕಂಬಕ್ಕೆ ಹಾಕಿಸಿ, ಕೆಳಗೆ ಪೇಂಟರನಿಂದ ಕನ್ನಡ ಮತ್ತು ಮರಾಠಿಯಲ್ಲಿ ಬರೆಸಿದ್ದಾರೆ: "ಈ ಮೀನು ಐದನೇ ದಿನ ಸತ್ತಿತು."

ಈ ಸಲ ಮಳೆ ನಿಂತು ಗಾಳ ಸುರುವಾದ ಮೇಲೆ ಒಂದು ದಿನ ನೋಡಲು ಹೋಗಿದ್ದೆ. ಫೋಟೋದ ಮುಂದೆ ಕೊಲ್ಹಾಪುರದ ಹೊಸ ಸದಸ್ಯನೊಬ್ಬ ನಿಂತು, ಅದನ್ನು ಓದಿ, ನನ್ನನ್ನು ಗುರುತು ಹಿಡಿದು, ಸಂಗಡ ನಿಂತು ಸೆಲ್ಫಿ ತೆಗೆದುಕೊಳ್ಳಲೇ ಎಂದು ಕೇಳಿದ. ಗಾಜಿನ ಮೇಲೆ ಧೂಳು ಕೂತಿತ್ತು, ಟವೆಲ್ಲಿನಿಂದ ಒರೆಸಿದೆ. ಅಷ್ಟರಲ್ಲಿ ಕೆಳಗೆ ಯಾರದೋ ಗಾಳಕ್ಕೆ ಮೀನು ಬಿದ್ದು, ಸವಿತಾ ಮೊಣಕಾಲಮಟ್ಟ ನೀರಿನಲ್ಲಿ ನನ್ನ ಹಳೆಯ ಬಲೆ ಹಿಡಿದು ನಿಂತಳು. ನಾನು ಅವಸರದಲ್ಲಿ ಮೆಟ್ಟಿಲು ಇಳಿದು ಬಲೆಯೊಳಗೆ ಕೈ ಹಾಕಲು ಹೋದೆ. ಅವಳು ಬಲೆಯನ್ನು ಸರಕ್ಕನೆ ಆ ಕಡೆ ತಿರುಗಿಸಿದಳು.

"ಮಾವಾರ, ಕೈ."

ನನಗೇ ಹೇಳುತ್ತಾಳಲ್ಲ ಎಂದು ಸಿಟ್ಟು ನೆತ್ತಿಗೇರಿತು. ಕೆಳಗೆ ನೋಡಿದೆ. ಮಂಟಪದಿಂದ ಇಳಿಯುತ್ತ ಯಾವಾಗಲೋ ಟವೆಲ್ಲಿಗೆ ಒರೆಸಿಕೊಂಡಿದ್ದೆ, ಬೆರಳ ಸಂದಿಯಲ್ಲೂ ಒಂದು ಹನಿ ಇರಲಿಲ್ಲ. ಬಗ್ಗಿ ಎರಡೂ ಕೈಯನ್ನು ಮೊಣಕೈವರೆಗೆ ನೀರಿನಲ್ಲಿ ಅದ್ದಿ ತೋರಿಸಿದೆ. ಅವಳು ಕೈಯ ಎರಡೂ ಬದಿ ನೋಡಿ, ಆಮೇಲೆ ಬಲೆಯನ್ನು ನನ್ನ ಕಡೆ ತಂದಳು.